ಗುಬ್ಬಿಗೊಂದು ಹೂಂ

ಗುಬ್ಬಿ ಸಾಯುತ್ತಿದೆ ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜೋಡಣೆ ಕೋಣೆಯ ಉದ್ದ ಮೇಜಿನ ಆ ತುದಿಯಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿದರು, ಅಷ್ಟೆ. ಅಲ್ಲಿ ಕೂತು ತಿರುಪು ಬಿಗಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಈಚೆ ತುದಿಗೆ ಬಂದು ಕೂತರು, ಚಳಿಗೆ ಮುದುಡಿದವರ ಹಾಗೆ. ಕತ್ತಲು ಒಂದೊಂದೇ ಕುರ್ಚಿ ದಾಟಿಕೊಂಡು ನಮ್ಮ ಕಡೆ ಬರುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು.

ಗುಬ್ಬಿ ಎಂದರೆ ನಮ್ಮ ಸಣ್ಣ ಕಂಪನಿ ತಯಾರಿಸುವ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್. ಬೂದು ಮೈ, ಎಡಕ್ಕೆ ಬಲಕ್ಕೆ ಗುಂಡಿಗಳು, ನಡುವೆ ಬಿಸ್ಕತ್ತಿನಷ್ಟು ಪರದೆ. ಬಂದ ಹೊಸದರಲ್ಲಿ ಆಟಿಕೆ ಅಂಗಡಿಗಳಲ್ಲಿ ಅದಕ್ಕೆ ಮಕ್ಕಳ ಕಣ್ಣಿಗೆ ನೇರ ಬೀಳುವ ಜಾಗ ಸಿಕ್ಕಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನೊಳಗೆ ಸಾವಿರ ಆಟ ಬಂದವು, ಗುಬ್ಬಿ ಕೆಳಗಿನ ಸಾಲಿಗೆ ಇಳಿದು ಅಂಟುಟೇಪಿನ ಪಕ್ಕದಲ್ಲಿ ಧೂಳು ತಿನ್ನತೊಡಗಿತು. ಅದರ ಆಟಗಳಲ್ಲಿ ಬರುವ ಮಾತುಗಳನ್ನು ಬರೆಯುವುದು ನನ್ನ ಕೆಲಸ. ಹೊಳೆ ದಾಟುವ ಆಟಕ್ಕೆ, ಗೋಡೆ ಹಾರುವ ಆಟಕ್ಕೆ ಪುಟಗಟ್ಟಲೆ ಬರೆದುಕೊಟ್ಟಿದ್ದೆ. ಅದರಲ್ಲಿ ಜನ ನಿಜವಾಗಿ ಓದಿದ್ದು 'ಸೋತಿರಿ, ಮತ್ತೊಮ್ಮೆ ಪ್ರಯತ್ನಿಸಿ' ಎಂಬ ಒಂದೇ ಸಾಲು ಇರಬೇಕು.

"ಖರೀದಿ ಮೇಡಂ ಮುಂದಿನ ವಾರ ಬರ್ತಾರೆ," ಎಂದರು ಯಜಮಾನರು, ಎಲ್ಲರನ್ನೂ ಕೂರಿಸಿಕೊಂಡು. ಊರೂರಿನ ಆಟಿಕೆ ಅಂಗಡಿಗಳಿಗೆ ಸರಕು ಆರಿಸುವವರು ಆ ಮೇಡಂ. "ಅವರು ಬೇಡ ಅಂದ್ರೆ ಗುಬ್ಬಿ ನಿಲ್ಲುತ್ತೆ. ಗುಬ್ಬಿ ನಿಂತ್ರೆ ಈ ಕೋಣೆಗೆ ಬೀಗ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ." ಹೇಳಿ, ಎದೆಯುರಿಯ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಗೋಡೆ ನೋಡುತ್ತ ಕೂತರು.

ಒಬ್ಬರು ಪರದೆ ದೊಡ್ಡದು ಮಾಡೋಣ ಎಂದರು. ಇನ್ನೊಬ್ಬರು ಕ್ಯಾಮೆರಾ ಕೂರಿಸೋಣ ಎಂದರು.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕ್ರಪ್ಪಾ," ಎಂದ ತಂತಿಯಣ್ಣ. ಗುಬ್ಬಿಯ ಹೊಟ್ಟೆಯೊಳಗಿನ ತಂತಿಯಿಂದ ಹಿಡಿದು ಪ್ರೋಗ್ರಾಮಿನವರೆಗೆ ಎಲ್ಲವೂ ಅವನ ಕೈಯದೇ. "ವಾರದೊಳಗೆ ಹೊಸ ಪರದೆ ಎಲ್ಲಿಂದ ತರಲಿ? ಇರೋದ್ರಲ್ಲೇ ಏನಾದ್ರೂ ಹೇಳಿ."

ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮೇಜಿಗೆ ಹೋದರು.

ಆ ಸಂಜೆ ಮನೆಗೆ ಹೋದಾಗಲೂ ನನ್ನ ತಲೆ ಆ ಕತ್ತಲೆ ಮೇಜಿನ ತುದಿಯಲ್ಲೇ ಇತ್ತು. ಅಪ್ಪ ಅಮ್ಮ ಇಬ್ಬರೂ ಪಾಳಿ ಕೆಲಸದವರು. ನನ್ನನ್ನು ಬೆಳೆಸಿದ್ದು ಅಜ್ಜಿಯ ಬಾಯಿ. ಈಗ ಅವಳ ಕಣ್ಣಿಗೆ ಪೊರೆ ಬಂದು ಎದುರಿಗೆ ಕೂತವರು ಬರೀ ನೆರಳಿನ ಹಾಗೆ ಕಾಣುತ್ತಾರೆ. ಬಾಯಿಗೆ ಮಾತ್ರ ಯಾವ ಪೊರೆಯೂ ಬಂದಿಲ್ಲ. ನಾನು ಚಪ್ಪಲಿ ಬಿಟ್ಟ ಸದ್ದಿಗೇ ಕತೆ ಶುರುವಾಗುತ್ತದೆ. ಅವತ್ತಿನದು ಗಾಳಿಗೆ ಅಂಗಿ ಹೊಲಿಯಲು ಹೊರಟ ದರ್ಜಿಯ ಮಗಳ ಕತೆ. ಗಾಳಿಯ ಅಳತೆ ತೆಗೆಯಬೇಕು, ಗಾಳಿ ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೆ ಅವಳು ಅದರ ಮನೆಗೇ ಹೊರಟಿದ್ದಾಳೆ.

"ಬೆಟ್ಟದ ಬುಡಕ್ಕೆ ಬಂದ್ಲು," ಎಂದಳು ಅಜ್ಜಿ. ಎಂದು ಸುಮ್ಮನಾದಳು.

ಎಷ್ಟೋ ಹೊತ್ತಿನ ಮೇಲೆ ನನಗೆ ಎಚ್ಚರವಾಯಿತು. "ಆಮೇಲೆ ಅಜ್ಜಿ?"

"ಆಮೇಲೆ ಏನಿಲ್ಲ. ಅಲ್ಲೇ ಕೂತಿದಾಳೆ."

"ಯಾಕೆ?"

"ನೀನು ಹೂಂ ಅನ್ಲಿಲ್ವಲ್ಲ. ಹೂಂಗುಟ್ಟೋರಿಲ್ದೆ ಅವಳು ಹೆಜ್ಜೆ ಎತ್ತಲ್ಲ. ಬಿಸಿಲಲ್ಲಿ ಕೂತಿದಾಳೆ ಪಾಪ, ನಿನ್ನ ಯೋಚನೆ ಮುಗೀಲಿ ಅಂತ."

ದರ್ಜಿಯ ಮಗಳು ಕೂತದ್ದು ನನಗೆ ಕಂಡಿತು. ಮೊಣಕಾಲು ಮಡಚಿ, ಗಲ್ಲಕ್ಕೆ ಕೈಯಿಟ್ಟು, ಬಿಸ್ಕತ್ತಿನಷ್ಟು ದೊಡ್ಡ ಬೆಳಕಿನ ಚೌಕದೊಳಗೆ.

ಗುಬ್ಬಿಗೆ ಒಂದು ಕಿವಿಯೂ ಇತ್ತು. ಗೆಳೆಯರು ದೂರದಿಂದ ಮಾತಾಡಿಕೊಂಡು ಆಡಲಿ ಎಂದು ಹಿಂದೆ ಯಾವಾಗಲೋ ಒಂದು ಮೈಕು ಕೂರಿಸಿದ್ದರು, ಆ ಆಟ ಬರಲೇ ಇಲ್ಲ, ಮೈಕಿನ ತೂತು ಮಾತ್ರ ಕೆಳಗಡೆ ಉಳಿದುಕೊಂಡಿತ್ತು. ಮರುದಿನ ನಾನು ತಡವರಿಸುತ್ತ ಹೇಳಿದೆ: ಗುಬ್ಬಿ ಕತೆ ಹೇಳಬೇಕು, ಪರದೆಯ ಮೇಲೆ ಹುಡುಗಿ ನಡೆಯಬೇಕು, ಕವಲುದಾರಿ ಬಂದಾಗ ಆಡುವವರು ಗುಂಡಿ ಒತ್ತಿ ದಾರಿ ಆರಿಸಬೇಕು, ಆದರೆ ಹೂಂ ಎನ್ನದಿದ್ದರೆ ಹುಡುಗಿ ಕೂತುಬಿಡಬೇಕು.

"ಅಂದ್ರೆ ಆಟ ಆಡೋರು ಯಂತ್ರಕ್ಕೆ ಹೂಂ ಅನ್ಬೇಕು," ಎಂದರು ಯಜಮಾನರು.

"ನಾನು ಮನೇಲಿ ದಿನಾ ಅದನ್ನೇ ಮಾಡೋದು," ಎಂದ ತಂತಿಯಣ್ಣ. "ನನ್ನ ಹೆಂಡತಿಗೆ ಇದು ಗೊತ್ತಾದ್ರೆ ತನ್ನನ್ನೇ ನೋಡಿ ಮಾಡಿದ್ದು ಅಂತಾಳೆ."

ಯಾರೋ ನಕ್ಕರು. ಯಜಮಾನರು ನಗಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ಆ ಹುಲ್ಲುಕಡ್ಡಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಮಾಡು," ಎಂದರು. "ಬೇರೆ ಏನಿದೆ."

ಅಜ್ಜಿಯ ಮುಂದೆ ಧ್ವನಿ ಹಿಡಿಯುವ ಯಂತ್ರ ಇಟ್ಟು ಕತೆಯನ್ನು ತುಂಡು ತುಂಡಾಗಿ ಹಿಡಿದುಕೊಂಡೆ. ಚಿತ್ರ ಬರೆಯುವವರು ಹುಡುಗಿಯನ್ನು ಬರೆದರು. ತಂತಿಯಣ್ಣ ಗುಬ್ಬಿಯ ಕಿವಿಗೆ ಹೂಂ ಕಲಿಸಿದ. ಮಾತು ತಿಳಿಯುವಷ್ಟು ಬುದ್ಧಿ ಅದಕ್ಕಿಲ್ಲ. ಬಾಯಿ ಮುಚ್ಚಿಕೊಂಡು ಮಾಡುವ ಗಿಡ್ಡ ಸದ್ದೊಂದನ್ನು ಗುರುತಿಸಿದರೆ ಸಾಕು. ಎಲ್ಲವನ್ನೂ ಒಟ್ಟುಗೂಡಿಸುವ ಹೊತ್ತಿಗೆ ಮೇಡಂ ಬರುವ ಹಿಂದಿನ ದಿನದ ಮಧ್ಯಾಹ್ನವಾಗಿತ್ತು.

ಗುಬ್ಬಿಯನ್ನು ಮೇಜಿನ ಮೇಲಿಟ್ಟು ಸುತ್ತ ನಿಂತೆವು. ಕತೆ ಶುರುವಾಯಿತು. ಬೆಟ್ಟದ ಬುಡ ಬಂತು. ಹುಡುಗಿ ಕೂರಲಿಲ್ಲ.

ಯಾರೂ ಹೂಂ ಎಂದಿರಲಿಲ್ಲ. ಹುಡುಗಿ ಬೆಟ್ಟ ಹತ್ತಿದಳು, ಇಳಿದಳು. ಅವಳ ಪಾಡಿಗೆ ಅವಳು, ನಮ್ಮ ಹಂಗೇ ಇಲ್ಲದವಳ ಹಾಗೆ ಹೋಗುತ್ತಲೇ ಇದ್ದಳು.

"ತನ್ನ ದನಿ ತಾನೇ ಕೇಳಿಸ್ಕೋತಿದೆ," ಎಂದು ತಂತಿಯಣ್ಣ ಸ್ಪೀಕರಿಗೂ ಮೈಕಿಗೂ ನಡುವೆ ಸ್ಪಂಜು ತುರುಕಿದ. ಹುಡುಗಿ ನಿಲ್ಲಲಿಲ್ಲ. ಕಿವಿಯನ್ನು ಸ್ವಲ್ಪ ಮಂದ ಮಾಡಿದ. ನಿಲ್ಲಲಿಲ್ಲ. ಇನ್ನೂ ಮಂದ ಮಾಡಿದ; ಈಗ ನಿಂತಳು, ಆದರೆ ಮತ್ತೆ ಏಳಲೇ ಇಲ್ಲ. ನಾವು ಸರದಿಯಂತೆ ಹೂಂ ಹೂಂ ಎಂದೆವು. ಕೊನೆಗೆ ಯಜಮಾನರು ಬಾಗಿ ಗುಬ್ಬಿಯ ಮುಖಕ್ಕೆ ಮುಖ ಕೊಟ್ಟು ಎಷ್ಟು ಜೋರಾಗಿ ಹೂಂ ಎಂದರೆಂದರೆ, ಜೋಡಣೆ ಕೋಣೆಯಿಂದ ಇಬ್ಬರು ಯಾರಿಗೇನಾಯಿತೆಂದು ಓಡಿ ಬಂದರು.

"ಏನಿಲ್ಲ," ಎಂದ ತಂತಿಯಣ್ಣ, "ಯಜಮಾನರು ಒಪ್ಕೋತಿದಾರೆ ಅಷ್ಟೆ."

ಬಂದವರು ನಗದೆ ಹಿಂದಕ್ಕೆ ಹೋದರು. ಬಾಗಿಲು ಮುಚ್ಚುವಾಗ ಒಬ್ಬಾಕೆ ನನ್ನ ಮುಖ ನೋಡಿದ್ದು ನೆನಪಿದೆ. ಸರಿಹೋಗುತ್ತಾ ಎಂದು ಕೇಳುವ ನೋಟ. ನಾನು ತಲೆ ತಗ್ಗಿಸಿದೆ.

ಕೈಗೆ ಕೆಲಸವಿರಲಿ ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಜ್ಜಿಯ ತುಂಡುಗಳನ್ನು ಮೊದಲಿನಿಂದ ಕೇಳಲು ಕೂತೆ. "ಬೆಟ್ಟದ ಬುಡಕ್ಕೆ ಬಂದ್ಲು." ಆ 'ಬಂದ್ಲು' ಎಂಬುದರ ಬಾಲಕ್ಕೆ ಏನೋ ಅಂಟಿಕೊಂಡಿತ್ತು. ಮತ್ತೆ ಕೇಳಿದೆ. ಮುಂದಿನ ತುಂಡಿನ ಕೊನೆಯಲ್ಲೂ ಇತ್ತು, ಅದರ ಮುಂದಿನದರಲ್ಲೂ. ತೊಟ್ಟಿಲಲ್ಲಿ ಮಗು ಮಗ್ಗಲು ಬದಲಿಸುವಾಗ ಮಾಡುವಂಥ ಸಣ್ಣ ಸದ್ದು.

ಹೂಂ.

ಅದು ನನ್ನದೇ. ಕತೆ ಕೇಳುವಾಗ ಉಸಿರಾಡಿದಷ್ಟೇ ಸಹಜವಾಗಿ ನನ್ನ ಗಂಟಲು ಆ ಕೆಲಸ ಮಾಡಿ ಮುಗಿಸಿತ್ತು, ನನಗೊಂದು ಮಾತೂ ತಿಳಿಸದೆ. ಗುಬ್ಬಿಯೊಳಗೆ ನಾನೇ ಕೂತು ಗುಬ್ಬಿಗೆ ಹೂಂಗುಟ್ಟುತ್ತಿದ್ದೆ.

ಹೆಡ್‌ಫೋನ್ ತೆಗೆದು ತಂತಿಯಣ್ಣನ ಕಿವಿಗೆ ಹಾಕಿದೆ. ಅವನು ಕೇಳಿ, ನನ್ನನ್ನು ನೋಡಿ, ಮತ್ತೆ ಕೇಳಿದ.

"ಕತ್ತರಿಸೋಕಾಗುತ್ತಾ ಅಣ್ಣ?"

"ಅಜ್ಜಿ ಮಾತಿಗೆ ಸಂದಿಯೇ ಬಿಟ್ಟಿಲ್ವಲ್ಲಮ್ಮ. ನಿನ್ನ ಹೂಂ ಕಿತ್ರೆ ಅವರ ಮಾತಿನ ತುದಿನೂ ಕಿತ್ಕೊಂಡು ಬರುತ್ತೆ. ಬಿಟ್ರೆ, ಕೇಳೋರಿಗೆ ಇನ್ಯಾರೋ ಹೂಂ ಅಂದಿದ್ದು ಕೇಳ್ಸುತ್ತೆ. ಆಮೇಲೆ ಅವರು ಯಾಕೆ ಅಂತಾರೆ?" ಹೆಡ್‌ಫೋನ್ ಮೇಜಿನ ಮೇಲಿಟ್ಟ. "ಇವತ್ತು ಸಂಜೆ ಹೊಸದಾಗಿ ಹೇಳಿಸ್ಕೊಂಡು ಬಾ. ಬಾಯಿಗೆ ಬಟ್ಟೆ ಕಟ್ಕೊಂಡಾದ್ರೂ ಸರಿ."

ಬಟ್ಟೆ ಕಟ್ಟಿಕೊಳ್ಳಲಿಲ್ಲ. ತುಟಿ ಕಚ್ಚಿಕೊಂಡು ಅಜ್ಜಿಯ ಮಂಚದ ಕಾಲಬದಿಯಲ್ಲಿ ಕೂತೆ.

"ಒಂದೂರಲ್ಲಿ ಒಬ್ಬ ದರ್ಜಿ," ಎಂದಳು ಅಜ್ಜಿ. ನಿಂತಳು. "ಇದೀಯೇನೆ?"

"ಇದೀನಜ್ಜಿ. ನಾನು ಮಾತಾಡಬಾರದು. ನೀನು ಹೇಳ್ತಾ ಹೋಗು."

"ದರ್ಜಿಗೆ ಒಬ್ಬಳು ಮಗಳು." ಮತ್ತೆ ನಿಂತಳು. "ಎದ್ದು ಹೋದ್ಯಾ?"

"ಇಲ್ಲಜ್ಜಿ. ತಲೆ ಆಡಿಸ್ತಾ ಇದೀನಿ."

"ತಲೆ ಆಡಿಸಿದ್ರೆ ನನಗೆ ಕಾಣುತ್ತಾ? ಗೋಡೆಗೆ ಕತೆ ಹೇಳೋಕೆ ನನಗೇನು ಅರಳು ಮರಳಾ?"

"ಒಂದೇ ಸಲ ಅಜ್ಜಿ. ನನ್ನ ಕೆಲಸ ಹೋಗುತ್ತೆ. ನನ್ನದು ಮಾತ್ರ ಅಲ್ಲ, ಎಲ್ಲರದೂ."

ಅವಳು ನಿಜವಾಗಿ ಪ್ರಯತ್ನಿಸಿದಳು. ಆದರೆ ಎರಡು ಮಾತಿಗೊಮ್ಮೆ ದನಿ ಕುಗ್ಗಿತು, ಕೈ ಹಾಸಿಗೆಯ ಮೇಲೆ ಏನನ್ನೋ ತಡಕಿತು. ಕೊನೆಗೆ ಮೆಲ್ಲಗೆ ಹೇಳಿದಳು. "ಆಗಲ್ಲ ಕಣೆ. ನೀನು ಹೂಂ ಅಂದ್ರೆ ನನಗೆ ಈ ಕೋಣೇಲಿ ಇನ್ನೊಬ್ಬರಿದಾರೆ ಅಂತ. ಅನ್ನದೆ ಇದ್ರೆ ಬಾವಿಯೊಳಗೆ ಇಳಿದ ಹಾಗಾಗುತ್ತೆ."

ನಾನು ಅವಳ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದೆ. ಏನು ಮಾಡಬೇಕೆಂದು ತೋಚದಾಗ ನಾನು ಮಾಡುವುದು ಅದೊಂದೇ. ಅವಳು, "ಗಾಳಿ ದಿನಾ ಬಂದು ಬಾಗಿಲು ಬಡೀತಿತ್ತು," ಎಂದಳು; ನನ್ನ ಬೆರಳು ತನ್ನಷ್ಟಕ್ಕೆ ಅವಳ ಹೆಬ್ಬೆರಳನ್ನು ಒಮ್ಮೆ ಅದುಮಿತು. ಅವಳ ಮುಖ ನನ್ನ ಕಡೆ ತಿರುಗಿತು.

"ಇದು ಹೂಂನಾ?"

ಮತ್ತೆ ಅದುಮಿದೆ.

"ಕಚಗುಳಿ ಆಗುತ್ತೆ. ಸ್ವಲ್ಪ ಗಟ್ಟಿಯಾಗಿ ಅನ್ನು."

ಹಾಗೆ ಕತೆ ಮುಗಿಯಿತು. ಹೊಸ ಬಗೆಯ ಹೂಂಗೆ ಕಾಯಬೇಕಾದ್ದರಿಂದ ಅಜ್ಜಿ ಪ್ರತಿ ತುಂಡಿನ ಕೊನೆಗೂ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯೊಳಗೆ ಬಾಗಿಲ ಸಂದಿಯ ಗಾಳಿ ಮಾತ್ರ ಕೇಳಿಸುತ್ತಿತ್ತು.

ಖರೀದಿ ಮೇಡಂ ಬೆಳಿಗ್ಗೆ ಬಂದರು. ಕೂರುವ ಮೊದಲೇ, "ನನಗೆ ಇನ್ನೊಂದು ಕಡೆ ಹೋಗೋದಿದೆ," ಎಂದರು. ಅವರು ಬೇಡ ಎಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದು ನಮಗೆಲ್ಲ ಗೊತ್ತಾಯಿತು. ನೀರು ಕೊಟ್ಟರೆ ಅರ್ಧ ಕುಡಿದು ಲೋಟ ದೂರ ಸರಿಸಿದರು. ಫೋನನ್ನು ಮೇಜಿನ ಮೇಲಿಟ್ಟು ಗುಬ್ಬಿಯನ್ನು ಕೈಗೆತ್ತಿಕೊಂಡರು. ಯಜಮಾನರು ಗುಳಿಗೆಯ ಪೊಟ್ಟಣವನ್ನು ಜೇಬಿನೊಳಗೇ ಹಿಂಡುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು.

ಅಜ್ಜಿಯ ದನಿ ಹೊರಟಿತು. ಬೆಟ್ಟದ ಬುಡ ಬಂತು. ಹುಡುಗಿ ಕೂತಳು, ಮೊಣಕಾಲು ಮಡಚಿದಳು, ಗಲ್ಲಕ್ಕೆ ಕೈಯಿಟ್ಟಳು. ನನ್ನ ಗಂಟಲಲ್ಲಿ ಹೂಂ ಎದ್ದು ನಿಂತಿತ್ತು, ಉಗುಳಲಾರೆ, ನುಂಗಲಾರೆ. ನಾಲಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡೆ.

"ನಿಂತೋಯ್ತಲ್ಲ," ಎಂದರು ಮೇಡಂ. "ಕೆಟ್ಟಿದೆಯಾ?"

"ಇಲ್ಲ ಮೇಡಂ," ಎಂದ ತಂತಿಯಣ್ಣ. "ನೀವು ಕೇಳ್ತಿದೀರೋ ಇಲ್ವೋ ಅಂತ ಕಾಯ್ತಿದಾಳೆ. ಹೂಂ ಅನ್ನಿ."

ಮೇಡಂ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಅಷ್ಟು ಜನರ ಮುಂದೆ ಒಂದು ಆಟಿಕೆಗೆ ಹೂಂ ಎನ್ನುವುದು ಅವರಿಗೆ ಮುಜುಗರವಾಗಿತ್ತು. ಆದರೂ ಅಂದರು. ಹುಡುಗಿ ಎದ್ದು ನಡೆದಳು. ಮೇಡಂ ಮುಖದಲ್ಲಿ ಏನೋ ಸಡಿಲಾಯಿತು. 

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು.

ಅವರು ಗುಬ್ಬಿಯನ್ನು ಮೇಜಿನ ಮೇಲಿಟ್ಟು ಫೋನೆತ್ತಿದರು. ಆ ಕಡೆಯವರು ಮಾತಿನ ಮಲ್ಲರಿರಬೇಕು. "ಹೂಂ," ಎಂದರು ಮೇಡಂ. ಹುಡುಗಿ ಸೇತುವೆ ದಾಟಿದಳು. "ಹೂಂ. ಹೂಂ, ಹೇಳಿ." ಹುಡುಗಿ ಕಾಡು ಹೊಕ್ಕಳು. ನಾನು ಗುಬ್ಬಿಯನ್ನು ನಿಲ್ಲಿಸಲು ಕೈ ಚಾಚಿದೆ, ಯಜಮಾನರು ಕಣ್ಣಲ್ಲೇ ಬೇಡ ಎಂದರು. ಅವರು ನೋಡುತ್ತಿದ್ದ ವಸ್ತುವನ್ನು ನಾವು ಮುಟ್ಟುವುದು ಹೇಗೆ. "ಹೂಂ... ಹೂಂ..." ಒಂದೊಂದು ಹೂಂಗೂ ಕತೆ ಒಂದೊಂದು ಮೆಟ್ಟಿಲು ಓಡಿತು. ಕವಲುಗಳಲ್ಲಿ ಯಾರೂ ಗುಂಡಿ ಒತ್ತದ ಕಾರಣ ಅದು ತನಗೆ ತೋಚಿದ ದಾರಿ ಹಿಡಿಯಿತು. ತಂತಿಯಣ್ಣ ಹಣೆಗೆ ಕೈಯಿಟ್ಟುಕೊಂಡ. ನಮ್ಮ ಒಂದು ವಾರ ನಮ್ಮ ಕಣ್ಣೆದುರೇ, ಕೇಳುವವರಿಲ್ಲದೆ ಸೋರಿಹೋಗುತ್ತಿತ್ತು.

ಮೇಡಂ ಫೋನಿಟ್ಟು ಗುಬ್ಬಿಯ ಪರದೆ ನೋಡಿದರು. "ಇದೇನು, ಗಾಳಿ ಮನೆ ಮುಂದೆ ನಿಂತಿದಾಳೆ. ಹೇಗೆ ಬಂದ್ಲು?"

ಗುಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಹಿಂದಕ್ಕೆ ಹೋಗೋದು ಹೇಗೆ?"

"ಅದನ್ನ... ಇನ್ನೂ ಮಾಡಿಲ್ಲ ಮೇಡಂ," ಎಂದ ತಂತಿಯಣ್ಣ.

"ಮಕ್ಕಳೂ ಹೀಗೇ ಮಾಡ್ತಾರೆ. ಕಣ್ಣು ಟೀವಿ ಮೇಲೆ, ಬಾಯಲ್ಲಿ ಹೂಂ. ಹೂಂಗೆ ಬೆಲೆ ಏನು ಬಂತು?" ಗುಬ್ಬಿಯನ್ನು ಮೇಜಿನ ಮೇಲಿಟ್ಟರು. ಮೆಲ್ಲಗೆ ಇಟ್ಟರು, ಅದೇ ಹೆಚ್ಚು ಭಯವಾಯಿತು. ಏಳಲೆಂದು ಚೀಲ ಎಳೆದುಕೊಂಡವರು, ಏನನ್ನಿಸಿತೋ, ನನ್ನ ಕಡೆ ತಿರುಗಿದರು. "ಬರೆದದ್ದು ನೀನಾ? ನಡುವೆ ಏನಾಯ್ತು, ಬೇಗ ಹೇಳು."

ನಾನು ಹೇಳತೊಡಗಿದೆ.  ಸೇತುವೆ ಮೇಲೆ ಮುದುಕ ಹೂಜಿಯಲ್ಲಿ ಗಾಳಿ ಹಿಡಿದಿಟ್ಟು ಮಾರುತ್ತಿದ್ದದ್ದು. ಮುಚ್ಚಳ ತೆಗೆದರೆ ಖಾಲಿ. ಮೇಡಂ, "ಹೂಂ," ಎಂದರು. ಕಾಡಿನಲ್ಲಿ ಎಲೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿ ದಾರಿ ತೋರಿಸಿದ್ದು. "ಹೂಂ." ಅಷ್ಟರಲ್ಲಿ ಫೋನಿನ ಪರದೆ ಮತ್ತೆ ಬೆಳಗಿತು, ಅವರ ಕಣ್ಣು ಅತ್ತ ಜಾರಿತು.

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ನಾನು ಎತ್ತಲೋ ನೋಡುತ್ತ ಬರೀ ಬಾಯಲ್ಲಿ ಹೂಂ ಅಂದಾಗ ಅಜ್ಜಿ ಕತೆಯೊಳಗೆ ಒಂದು ಸುಳ್ಳು ತುರುಕುತ್ತಿದ್ದಳು; ಅದೂ ಅದನ್ನೇ ಮಾಡಿಬಿಟ್ಟಿತು.

"ಕಾಡಿನ ನಡುವೆ ಅವಳ ಲಂಗ ಹರೀತು. ಕೂತ್ಕೊಂಡು ಒನಕೆಗೆ ದಾರ ಪೋಣಿಸಿ ಹೊಲ್ಕೊಂಡ್ಲು."

"ಹೂಂ," ಎಂದರು ಮೇಡಂ, ಫೋನು ನೋಡುತ್ತ.

ನಾನು ಸುಮ್ಮನಾದೆ.  ಮೇಡಂ ಫೋನಿನ ಮೇಲೆ ಬೆರಳು ಆಡಿಸುತ್ತಿದ್ದವರು, ಕತೆ ನಿಂತದ್ದು ಅರಿವಾಗಿ, ನಿಧಾನಕ್ಕೆ ತಲೆಯೆತ್ತಿದರು.

"ಏನಂದೆ? ಯಾವುದಕ್ಕೆ ದಾರ?"

"ಒನಕೆಗೆ, ಮೇಡಂ."

"ಒನಕೇಲಿ ಹೊಲೀತಾರಾ?"

"ಇಲ್ಲ ಮೇಡಂ." ನನ್ನ ದನಿ ನನಗೇ ಕೇಳಿಸಲಿಲ್ಲ. "ಆದ್ರೆ ನೀವು ಹೂಂ ಅಂದ್ರಿ."

ಮುಗಿಯಿತು ಎಂದುಕೊಂಡೆ. ಬಾಗಿಲಾಚೆ ಜೋಡಣೆ ಕೋಣೆಯಲ್ಲಿ ಯಾವ ತಿರುಪಿನ ಸದ್ದೂ ಇರಲಿಲ್ಲ. ಎಲ್ಲರೂ ಕೆಲಸ ನಿಲ್ಲಿಸಿ ಇತ್ತಲೇ ಕಿವಿಗೊಟ್ಟಿದ್ದರು.  ಮೇಡಂ ಫೋನನ್ನು ಎತ್ತಿ ಚೀಲದೊಳಗೆ ಹಾಕಿದರು.

"ನನ್ನನ್ನ ಹಿಡಿದುಬಿಟ್ಟೆ ನೀನು," ಎಂದರು. "ಇದನ್ನ ಈ ಡಬ್ಬಿ ಮಾಡುತ್ತಾ? ನಡುವೆ ಸುಳ್ಳು ಹೇಳಿ, ಹೂಂ ಅಂದೋರನ್ನ ಹಿಡಿಯೋದು?"

"ಮಾಡುತ್ತೆ ಮೇಡಂ," ಎಂದ ತಂತಿಯಣ್ಣ. ಹೇಗೆ ಎಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ ಎಂಬುದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು. "ಸುಳ್ಳಿಗೆ ಹೂಂ ಅಂದ್ರೆ ಅವಳು ಹಿಂದಕ್ಕೆ ಹೋಗ್ತಾಳೆ. ಸುಮ್ಮನಿದ್ರೆ ಮುಂದಕ್ಕೆ."

"ಮಾಡಿ ತೋರಿಸಿ. ಬೇರೆಯವರ ಹಾಗೆ ಹೊಸ ಪರದೆ, ಕ್ಯಾಮೆರಾ, ಅದೆಲ್ಲ ನನಗೆ ಬೇಡ. ಶಾಲೆ ರಜೆ ಮುಗಿಯೋ ತನಕ ಅಂಗಡೀಲಿ ಗುಬ್ಬಿ ಜಾಗ ಗುಬ್ಬಿಗೆ ಇರುತ್ತೆ. ಆಮೇಲೆ ಏನಾಗುತ್ತೋ ನಾನು ಹೇಳಲಾರೆ." ಎದ್ದರು. "ರಜೆ ಶುರುವಾಗೋ ಮುಂಚೆ ಬೇಕು. ಒಂದೇ ಕತೆ ಸಾಲದು."

ಅವರ ಕಾರು ತಿರುವು ದಾಟುವವರೆಗೂ ಯಜಮಾನರು ಕಿಟಕಿಯಲ್ಲಿ ನಿಂತಿದ್ದರು. ಗೆದ್ದೆವೋ, ಸೋಲನ್ನು ಮುಂದಕ್ಕೆ ತಳ್ಳಿದೆವೋ ನಮಗೆ ತಿಳಿಯಲಿಲ್ಲ. ತಂತಿಯಣ್ಣ ಗುಬ್ಬಿಯ ಬೆನ್ನು ಬಿಚ್ಚಲು ಶುರುಮಾಡಿದ್ದ.

"ಅಜ್ಜಿ ಹತ್ರ ಇಂಥ ಸುಳ್ಳು ಎಷ್ಟಿದೆಯಮ್ಮ?" ಎಂದು ಕೇಳಿದ, ತಲೆಯೆತ್ತದೆ.

"ಲೆಕ್ಕ ಇಟ್ಟಿಲ್ಲ ಅಣ್ಣ," ಎಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಒಂದೂ ನೆನಪಿಗೆ ಬರುತ್ತಿರಲಿಲ್ಲ.

ಯಜಮಾನರು ಬಾಗಿಲು ತೆರೆದರು. ಜೋಡಣೆ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು, ಕೆಲವರು ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಯಜಮಾನರು ಇಷ್ಟೇ ಹೇಳಿದರು.

"ಯಾಕೆ ನಿಂತಿದೀರಿ. ಕೂತ್ಕೊಳ್ಳಿ, ಕೆಲಸ ಇದೆ."